ಬಚ್ಚಲ ಒಲೆಯ ಇದ್ದಿಲಿನಿಂದ ಟ್ಯಾಂಕಿನ ಔಷಧಿ ಹೋಗುವುದಿಲ್ಲ

ಕಾರವಾರದಿಂದ ಗೋಲ್ಡ್‌ಫಿಶ್ ಫೋಟೋ ಹಾಕಿದವರೇ, ನೋಡಿದೆ. ಮೆಥಿಲೀನ್ ಬ್ಲೂ ಅನ್ನುವ ನೀಲಿ ಔಷಧಿ, ಆಕ್ಸಿಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್, ಎರಡೂ ಕೋರ್ಸ್ ಮುಗಿದಿದೆ. ಈಗ ಔಷಧಿ ತೆಗೆಯಲು ಬಚ್ಚಲ ಒಲೆಯ ಗೆರಟೆ ಇದ್ದಿಲನ್ನು ಕಾಲುಚೀಲದಲ್ಲಿ ಕಟ್ಟಿ ಇಳಿಬಿಟ್ಟಿದ್ದೀರಿ. ಮೊದಲು ಅದನ್ನು ಹೊರಗೆ ತೆಗೆಯಿರಿ ಮಾರಾಯ್ರೆ. ಉಳಿದದ್ದು ಆಮೇಲೆ ಓದಿ.

ನಾನೂ ಇದೇ ಕೆಲಸ ಮಾಡಿ ಮೀನು ಕಳಕೊಂಡವನೇ. ಒಲೆಯ ಇದ್ದಿಲಿನ ಜೊತೆ ಬೂದಿ ಬಂದೇ ಬರುತ್ತದೆ, ಬೂದಿ ಅಂದರೆ ಕ್ಷಾರ. ನಮ್ಮ ಚಿರೆಕಲ್ಲಿನ ನೆಲದ ಬಾವಿ ನೀರು ಮೆದು, ಕೆಎಚ್, ಅಂದರೆ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿಳಿಯದಂತೆ ಹಿಡಿದಿಡುವ ಗುಣ, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಚೂರು ಬೂದಿ ಕರಗಿದರೂ ಪಿಎಚ್ ಸರ್ರನೆ ಏರುತ್ತದೆ. ಅತ್ತ ಆಂಟಿಬಯೋಟಿಕ್‌ನಿಂದ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಪೆಟ್ಟು ಬಿದ್ದಿರುತ್ತದೆ, ಅಮೋನಿಯ ಸೇರುತ್ತಿರುತ್ತದೆ. ಪಿಎಚ್ ಒಂದು ಅಂಕ ಏರಿದರೆ ಅದರಲ್ಲಿ ವಿಷದ ಪಾಲು ಸುಮಾರು 10 ಪಟ್ಟಾಗುತ್ತದೆ. ಚುಕ್ಕಿ ರೋಗ ವಾಸಿಯಾದ ಮೀನು ಬೆಳಗಾಗುವಾಗ ತೇಲುತ್ತಿರುತ್ತದೆ. ನಾವು ಔಷಧಿ ಜಾಸ್ತಿಯಾಯ್ತು ಅಂತ ಮೆಡಿಕಲ್ ಅಂಗಡಿಯವನನ್ನು ಬೈಯುತ್ತೇವೆ.

ಇನ್ನು ಇದ್ದಿಲೇ ಬೇರೆ, ಆಕ್ಟಿವೇಟೆಡ್ ಕಾರ್ಬನ್ನೇ ಬೇರೆ. ಎರಡೂ ಗೆರಟೆಯದ್ದೇ ಇರಬಹುದು. ಆದರೆ ಕಾರ್ಬನ್ ಮಾಡುವಾಗ 800 ಡಿಗ್ರಿಗೂ ಮೇಲೆ ಹಬೆ ಹಾಯಿಸಿ ಒಳಗೆಲ್ಲ ಸಣ್ಣ ಸಣ್ಣ ರಂಧ್ರ ಕೊರೆಸುತ್ತಾರೆ. ಒಳ್ಳೆಯ ಕಾರ್ಬನ್ನಿನ ಒಂದು ಗ್ರಾಮಿನಲ್ಲಿ 1000 ಚದರ ಮೀಟರ್ ಮೇಲ್ಮೈ ಇರುತ್ತದೆ. ನಮ್ಮ ತೋಟದ ಲೆಕ್ಕದಲ್ಲಿ ಹತ್ತು ಗುಂಟೆ! ಔಷಧಿ ಹೋಗಿ ಅಂಟಿಕೊಳ್ಳುವುದು ಆ ಮೇಲ್ಮೈಗೆ. ಒಲೆಯ ಇದ್ದಿಲಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು?

ಮೀನಿನ ಅಂಗಡಿಯ ಹೆಸರಿಲ್ಲದ ಕಪ್ಪು ಪ್ಯಾಕೆಟ್ ನಾನು ಮುಟ್ಟುವುದಿಲ್ಲ. ಆರ್‌ಒ ರಿಪೇರಿ ಅಂಗಡಿಯಲ್ಲಿ ಗೆರಟೆ ಕಾರ್ಬನ್ ಸಿಗುತ್ತದೆ. ಅಯೋಡಿನ್ ನಂಬರ್ ಕೇಳಿ, ಅದು ಕಾರ್ಬನ್ ಎಷ್ಟು ಹೀರುತ್ತದೆ ಅನ್ನುವ ಅಳತೆ. 900ರ ಮೇಲಿದ್ದರೆ ತನ್ನಿ. ಪ್ಯೂರಿಜನ್ ಅನ್ನುವ ಫಿಲ್ಟರ್ ಸಾಮಾನು ಹಾಕಿ ಅಂತ ಒಬ್ಬರು ಬರೆದಿದ್ದಾರೆ. ನೀರಿನ ಹಳದಿ ತೆಗೆಯಲು ಅದು ಚಂದದ ಸಾಮಾನು, ಬ್ಲೀಚಿನಲ್ಲಿ ತೊಳೆದು ಮತ್ತೆ ಬಳಸಬಹುದು. ಆದರೆ ಔಷಧಿಗಾಗಿ ಅಷ್ಟು ದುಡ್ಡು ಸುಮ್ನೆ ದಂಡ. ಜಿಯೋಲೈಟ್ ಹಾಕಿ ಅಂದವರಿಗೆ ಕೈ ಮುಗಿಯುತ್ತೇನೆ. ಅದು ಅಮೋನಿಯ ಹಿಡಿಯುವ ಕಲ್ಲು, ಈ ಔಷಧಿಗೆ ಅದರಿಂದ ಉಪಯೋಗವಿಲ್ಲ. ಮೇಲಿಂದ ಉಪ್ಪು ಹಾಕಿದಿರೋ, ಹಿಡಿದಿದ್ದ ಅಮೋನಿಯವನ್ನೂ ವಾಪಸ್ ಬಿಡುತ್ತದೆ.

ಕಾರ್ಬನ್ ತಂದ ಮೇಲೆ ಒಂದು ಪರೀಕ್ಷೆ ಮಾಡಿ. ಇದನ್ನು ಮಾಡದೆ ನಾನು ಯಾವ ಕಾರ್ಬನ್ನನ್ನೂ ಫಿಲ್ಟರಿಗೆ ಹಾಕುವುದಿಲ್ಲ. ಮೂರು ಗಾಜಿನ ಲೋಟದಲ್ಲಿ ಸಮ ನೀರು, ಒಂದೊಂದು ಹನಿ ಮೆಥಿಲೀನ್ ಬ್ಲೂ. ಒಂದಕ್ಕೆ ಹೊಸ ಕಾರ್ಬನ್, ಒಂದಕ್ಕೆ ನಿಮ್ಮ ಒಲೆಯ ಇದ್ದಿಲು, ಇನ್ನೊಂದು ಖಾಲಿ. ಎರಡನ್ನೂ ಒಂದೇ ಸೈಜಿಗೆ ಕುಟ್ಟಿ, ಅಳತೆಯೂ ಒಂದೇ ಇರಲಿ. ಇಲ್ಲದಿದ್ದರೆ ಪುಡಿ ಯಾವುದೋ ಅದೇ ಗೆಲ್ಲುತ್ತದೆ. ಆಗಾಗ ಕದಡುತ್ತಾ ಇರಿ. ಕಾರ್ಬನ್ ಲೋಟ ಬೇಗ ತಿಳಿಯಾಗುತ್ತದೆ. ಕಾರ್ಖಾನೆಯವರೂ ಕಾರ್ಬನ್ನಿನ ಗುಣ ನೋಡಲು ಇದೇ ಬಣ್ಣ ಬಳಸುತ್ತಾರೆ.

ಆದರೆ ಟ್ಯಾಂಕಿನಲ್ಲಿ ನೀಲಿ ಹೋಯಿತು ಅಂದರೆ ಔಷಧಿ ಹೋಯಿತು ಅಂತಲ್ಲ! ಹೆಚ್ಚಿನವರು ಎಡವುವುದು ಇಲ್ಲೇ. ಬ್ಯಾಕ್ಟೀರಿಯಾ, ಕೊಳೆ ಜಾಸ್ತಿ ಇದ್ದರೆ ಮೆಥಿಲೀನ್ ಬ್ಲೂ ನೀರಿನಲ್ಲಿ ಇದ್ದುಕೊಂಡೇ ಬಣ್ಣ ಬಿಡುತ್ತದೆ. ಆಕ್ಸಿಟೆಟ್ರಾಸೈಕ್ಲಿನ್ ಉಳಿದಿದ್ದರೆ ಅದು ಕಣ್ಣಿಗೆ ಕಾಣುವಂಥದ್ದೂ ಅಲ್ಲ. ಹಾಗಾಗಿ ಮೊದಲು ನೀರು ಬದಲಿಸಿ. ಅರ್ಧರ್ಧ ಎರಡು ಸಲ ಬದಲಿಸಿದರೆ ಕಾಲು ಪಾಲು ಔಷಧಿ ಉಳಿಯುತ್ತದೆ. ಆ ಕಾಲು ಪಾಲಿಗೆ ಕಾರ್ಬನ್ ಇಡಿ. ನಿಮ್ಮಲ್ಲಿ ಈಗ ಪಿಎಚ್ ಏರಿರುವುದರಿಂದ ದಿನಕ್ಕೆ ಮೂರನೇ ಒಂದು ಪಾಲು ಸಾಕು, ಗಡಿಬಿಡಿ ಬೇಡ.

ಕಾರ್ಬನ್ನನ್ನೂ ಒಟ್ಟಿಗೆ ಸುರಿಯಬೇಡಿ. ಅರ್ಧ ಇಂದು ಇಟ್ಟು, ನಾಳೆ ಅದನ್ನು ಎಸೆದು ಉಳಿದರ್ಧ ಹೊಸದು ಇಡಿ. ಅಷ್ಟೇ ಕಾರ್ಬನ್ನಿನಲ್ಲಿ ಜಾಸ್ತಿ ಔಷಧಿ ಹೋಗುತ್ತದೆ. ಧೂಳು ಹೋಗುವಷ್ಟು ತೊಳೆದು, ಟಾಪ್ ಫಿಲ್ಟರಿನಲ್ಲಿ ಸ್ಪಂಜಿನ ನಂತರ ಇಡಿ. ಸುಮ್ನೆ ತೂಗುಹಾಕಿದರೆ ನೀರು ಪಕ್ಕದಿಂದ ಹೋಗುತ್ತದೆ. ಔಷಧಿ ಕೊಡುವಾಗ ಮಾತ್ರ ಕಾರ್ಬನ್ ಹೊರಗಿರಲಿ, ಇಲ್ಲವಾದರೆ ಮೀನಿಗಿಂತ ಮೊದಲು ಅದೇ ಔಷಧಿ ಕುಡಿಯುತ್ತದೆ. ಟ್ಯಾಂಕಿನಲ್ಲಿ ಬಾದಾಮಿ ಎಲೆ ಇದ್ದರೆ ತೆಗೆಯಿರಿ, ಎಲೆಯ ಕಂದು ಬಣ್ಣವೇ ಕಾರ್ಬನ್ನಿನ ಜಾಗ ತುಂಬಿಬಿಡುತ್ತದೆ. ಬಳಸಿದ ಕಾರ್ಬನ್ನನ್ನು ಕುದಿಸಿ, ಬಿಸಿಲಿಗೆ ಇಟ್ಟು ಮತ್ತೆ ಹಾಕುವ ಜಿಪುಣತನ ಬೇಡ, ಅದು ಹೊಸದಾಗುವುದಿಲ್ಲ. ಉಪ್ಪು ಕಾರ್ಬನ್ನಿಗೆ ಬಗ್ಗುವುದಿಲ್ಲ. ಫಾರ್ಮಲಿನ್, ತಾಮ್ರದ ಔಷಧಿಗೂ ಅದನ್ನು ನಂಬಬೇಡಿ, ನೀರು ಬದಲಿಸಿ.

ತೆಗೆದ ನೀರು ಎಲ್ಲಿಗೆ ಚೆಲ್ಲುತ್ತೀರಿ? ಬಾವಿ ಕಟ್ಟೆಯ ಹತ್ತಿರ ಖಂಡಿತ ಬೇಡ. ಚಿರೆಕಲ್ಲಿನಲ್ಲಿ ನೀರು ಬೇಗ ಕೆಳಗಿಳಿಯುತ್ತದೆ. ಹಳ್ಳಕ್ಕೂ ಬೇಡ, ಅದು ಕೊನೆಗೆ ಹೋಗಿ ಸೇರುವುದು ನಾವು ಮೀನು ಹಿಡಿಯುವ ಹೊಳೆಗೇ. ಬಕೆಟಿನಲ್ಲಿ ಹಳೇ ಕಾರ್ಬನ್ ಹಾಕಿ ಕೆಲವು ದಿನ ಬಿಸಿಲಿಗಿಡಿ. ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಬೆಳಕಿಗೆ ಒಡೆಯುತ್ತದೆ. ಆಮೇಲೆ ಬಾವಿಯಿಂದ ದೂರದ ತೆಂಗಿನ ಬುಡಕ್ಕೆ ಹಾಕಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ಅಂತ ಕೇಳಬೇಡಿ. ಮಳೆ ನೀರು ಬೀಳದಂತೆ ಮುಚ್ಚಿ ಇಡಿ, ಅಷ್ಟೇ.

ಇವತ್ತು ಮೀನಿಗೆ ಆಹಾರ ಬೇಡ, ಏರ್ ಪಂಪ್ ಜೋರಾಗಿಡಿ. ಅಮೋನಿಯ ಮತ್ತು ಪಿಎಚ್ ನೋಡಿ ಅಂಕೆ ಇಲ್ಲೇ ಹಾಕಿ. ಪಟ್ಟಿಯದ್ದಲ್ಲ, ಹನಿ ಹಾಕುವ ಕಿಟ್‌ನದ್ದು.