ನಾಳೆಯ ಕತೆಯಲ್ಲಿ ನಮ್ಮೂರು ಇದೆಯಾ?

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ವಿಷಯದ ಸುತ್ತ ತಿರುಗುತ್ತಿದ್ದವು. ಕತೆ, ಯಂತ್ರ, ಮುಂದಿನ ಕಾಲ. ಹಾಗಾಗಿ ಅವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಉಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಖಂಡಿತ ಬರೆಯುತ್ತೇನೆ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆ ಮುಂದಿನ ಕಾಲದ ಬಗ್ಗೆ ಇರುವ ಕತೆಗಳನ್ನು ಓದಿಸಿದರೆ ಜೊತೆಯವರು "ಪಾಠ ಬಿಟ್ಟು ಇದೇನು ಕಟ್ಟುಕತೆ" ಅನ್ನುತ್ತಾರೆ. ಯಾರೋ ಕೂತು ಕಲ್ಪಿಸಿ ಬರೆದದ್ದು ನಿಜವಾಗಿ ಯಾರ ಬದುಕನ್ನಾದರೂ ಮುಟ್ಟಿದೆಯಾ?
— ಒಬ್ಬ ಶಿಕ್ಷಕಿ, ಸಿಂಧನೂರು

ಉತ್ತರ: ಮುಟ್ಟಿದೆ ಮೇಡಂ. ಅದೂ ನಿಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳನ್ನೇ ಮುಟ್ಟಿದೆ.

1945ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ಸಿ. ಕ್ಲಾರ್ಕ್ ಒಂದು ಲೇಖನ ಬರೆದರು. ಆಗ ಅವರಿಗೆ 27 ವರ್ಷ. ಮುಂದೆ ವಿಜ್ಞಾನ ಕತೆಗಾರ ಅಂತ ಲೋಕಕ್ಕೆಲ್ಲ ಗೊತ್ತಾದವರು. ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕದ ಮೇಲೆ, ಒಂದು ಉಪಗ್ರಹ ಇಟ್ಟರೆ ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುತ್ತದೆ, ಕೆಳಗೆ ನಿಂತವರಿಗೆ ಅದು ಕದಲದೆ ಒಂದೇ ಕಡೆ ನಿಂತ ಹಾಗೆ ಇರುತ್ತದೆ, ಅಂಥವು ಮೂರು ಇದ್ದರೆ ಹೆಚ್ಚುಕಮ್ಮಿ ಇಡೀ ಭೂಮಿಗೆ ಪ್ರಸಾರ ಮಾಡಬಹುದು ಅಂತ ಅವರು ಬರೆದರು. ಮನುಷ್ಯ ಮೊದಲ ಉಪಗ್ರಹ ಹಾರಿಸಿದ್ದು 1957ರಲ್ಲಿ. ಅಂದರೆ ಇದು 12 ವರ್ಷ ಮೊದಲಿನ ಮಾತು. ಆ ಉಪಗ್ರಹದಲ್ಲಿ ಜನ ವಾಸ ಇದ್ದು ನೋಡಿಕೊಳ್ಳಬೇಕು ಅಂತಲೂ ಕ್ಲಾರ್ಕ್ ಅಂದುಕೊಂಡಿದ್ದರು. ಅದು ತಪ್ಪಾಯಿತು. ಎತ್ತರದ ಲೆಕ್ಕ ತಪ್ಪಲಿಲ್ಲ.

ಈಗ 30 ವರ್ಷ ಮುಂದೆ ಬನ್ನಿ. 1975ರ ಆಗಸ್ಟ್ 1. ನಾಸಾದ ಎಟಿಎಸ್-6 ಉಪಗ್ರಹ ಅಂಥದೇ ಜಾಗದಲ್ಲಿ ನಿಂತು ನಮ್ಮ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪ್ರಸಾರ ಶುರು ಮಾಡಿತು. ಇಸ್ರೋ ನಡೆಸಿದ ಈ ಪ್ರಯೋಗದ ಹೆಸರು 'ಸೈಟ್'. ಕರ್ನಾಟಕದಲ್ಲಿ ಇದು ಬಂದದ್ದು ರಾಯಚೂರು ಮತ್ತು ಆಗಿನ ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ. ಊರಿಗೆಲ್ಲ ಒಂದೇ ಟಿವಿ. ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ, ತಲೆಕೆಳಗಾದ ಕೊಡೆಯಂಥ ಆಂಟೆನಾ. ಕರೆಂಟ್ ಇಲ್ಲದ ಕಡೆ ಬ್ಯಾಟರಿ. ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಮನರಂಜನೆ. ಅದೂ ಕನ್ನಡದಲ್ಲಿ. ಆಗ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ!

ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಯಾಕೆ ಗೊತ್ತಾ? ಕ್ಲಾರ್ಕ್ ಕಲ್ಪಿಸಿದ್ದು ಆಕಾಶದ ಕಡೆಯದನ್ನು. ಅದರ ಕೆಳಗೆ ಕರೆಂಟಿಲ್ಲದ ಹಳ್ಳಿಯನ್ನು ಕಲ್ಪಿಸಿದವರು ನಮ್ಮ ದೇಶದ ಬಾಹ್ಯಾಕಾಶ ಕೆಲಸಕ್ಕೆ ಅಡಿಪಾಯ ಹಾಕಿದ ವಿಜ್ಞಾನಿ ವಿಕ್ರಂ ಸಾರಾಭಾಯಿ. ಟಿವಿ ಮೊದಲು ದೊಡ್ಡ ನಗರಕ್ಕೆ, ಆಮೇಲೆ ಸಣ್ಣ ಊರಿಗೆ, ಕೊನೆಗೆ ಯಾವಾಗಲೋ ಹಳ್ಳಿಗೆ ಅನ್ನುವುದು ಎಲ್ಲ ಕಡೆಯ ರೂಢಿ. ಅವರು ಅದನ್ನು ತಿರುವಿಹಾಕಿದರು, ದೂರದ ಹಳ್ಳಿಗೇ ಮೊದಲು ಅಂದರು. 1969ರಲ್ಲಿ ನಾಸಾದ ಜೊತೆ ಒಪ್ಪಂದವೂ ಆಯಿತು. ಆದರೆ 1971ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಆ ಹಳ್ಳಿಗಳಲ್ಲಿ ಪರದೆ ಬೆಳಗಿದ್ದನ್ನು ನೋಡಲಿಲ್ಲ. ಪ್ರಯೋಗದ ಒಂದು ವರ್ಷ ಮುಗಿದ ಮೇಲೆ ಉಪಗ್ರಹ ವಾಪಸ್ ಹೋಯಿತು. 1977ರಲ್ಲಿ ಕಲಬುರಗಿಗೆ ಟಿವಿ ಕೇಂದ್ರ ಬಂತು.

ನಿಮ್ಮ ಮಕ್ಕಳಿಗೆ ಒಂದು ಕೆಲಸ ಕೊಡಿ. ಆ ಟಿವಿ ಮುಂದೆ ಕೂತಿದ್ದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು ವಯಸ್ಸು. ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಸಿಗುತ್ತಾರಾ ಅಂತ ಹುಡುಕಿ, ಏನು ನೋಡಿದಿರಿ, ಏನು ನೆನಪಿದೆ, ನಿಂತುಹೋದಾಗ ಏನನ್ನಿಸಿತು ಅಂತ ಕೇಳಿಕೊಂಡು ಬರಲಿ. ಅದನ್ನು ಕಟ್ಟುಕತೆ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಪ್ರಶ್ನೆ: ರೇಡಿಯೋಗೆ 'ಆಕಾಶವಾಣಿ' ಅನ್ನುವ ಹೆಸರು ದೆಹಲಿಯಿಂದ ಬಂತಾ?
— ಒಬ್ಬ ಕೇಳುಗ, ತುಮಕೂರು

ಉತ್ತರ: ಇಲ್ಲ ಸರ್, ಮೈಸೂರಿನಿಂದ ಹೋಯಿತು. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ರೇಡಿಯೋ ಕೇಂದ್ರಕ್ಕೆ ಆ ಹೆಸರಿತ್ತು. ಆಮೇಲೆ ಇಡೀ ದೇಶದ ರೇಡಿಯೋ ಅದನ್ನು ತೆಗೆದುಕೊಂಡಿತು. ಕಂಸನಿಗೆ ಕೇಳಿಸಿದ ಆಕಾಶವಾಣಿ ಯಾವ ಅಜ್ಜಿಗೆ ಗೊತ್ತಿಲ್ಲ ಹೇಳಿ. ಕಾಣದ ಜಾಗದಿಂದ ಮಾತಾಡುವ ಹೊಸ ಪೆಟ್ಟಿಗೆಗೆ ಅಷ್ಟು ಹಳೆಯ ಕತೆಯ ಹೆಸರು ಕೊಟ್ಟ ಕೂಡಲೇ ಅದು ಮನೆಯದೇ ವಸ್ತು ಆಯಿತು. ಈಗ ಎಐಗೆ ನಾವು 'ಕೃತಕ ಬುದ್ಧಿಮತ್ತೆ' ಅನ್ನುತ್ತಿದ್ದೇವೆ. ಅಷ್ಟು ನಾಲಿಗೆಗೆ ಕೂರುತ್ತಿಲ್ಲ ಅಲ್ವಾ? ಯಾರಿಗಾದರೂ ಅಜ್ಜಿಗೆ ಅರ್ಥವಾಗುವ ಹೆಸರು ಹೊಳೆದರೆ ಬರೆದು ಕಳಿಸಿ.

ಪ್ರಶ್ನೆ: ನಮ್ಮ ಅಪ್ಪ ನಿವೃತ್ತರು. ದಿನಾ ಬೆಳಗ್ಗೆ ಮನೆಯ ವಾಟ್ಸಾಪ್ ಗ್ರೂಪಿಗೆ "ಸಾವಿರಾರು ವರ್ಷ ಹಿಂದಿನ ನಮ್ಮ ವಿಮಾನದ ನಕ್ಷೆ" ಅಂತ ಚಿತ್ರ ಹಾಕುತ್ತಾರೆ. ಸುಳ್ಳು ಅಂದರೆ ಸಿಟ್ಟು. ಸುಮ್ಮನಿದ್ದರೆ ನನಗೇ ಹಿಂಸೆ. ಏನು ಮಾಡಲಿ?
— ಒಬ್ಬ ಮಗಳು, ಪುಣೆ

ಉತ್ತರ: ಮೊದಲು ಚಿತ್ರದ ಕತೆ ಕೇಳಿ, ಅದು ನಮ್ಮ ಕಡೆಯದೇ. ಸುಬ್ಬರಾಯ ಶಾಸ್ತ್ರಿ ಅನ್ನುವವರು 1918ರಿಂದ 1923ರವರೆಗೆ 'ವೈಮಾನಿಕ ಶಾಸ್ತ್ರ'ದ ಶ್ಲೋಕಗಳನ್ನು ಬಾಯಿಂದ ಹೇಳಿ ಬರೆಸಿದರು. ಭರದ್ವಾಜ ಋಷಿಗಳದ್ದು ಅಂತ ಅವರ ಮಾತು. ವಿಮಾನದ ಚಿತ್ರಗಳನ್ನು ಬರೆಸಿದ್ದು 1923ರಲ್ಲಿ. ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷಿನಲ್ಲಿ ತಂದ ಮೇಲೆ ಅದು ಲೋಕ ಸುತ್ತಿತು. ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಕೂತು ಅದನ್ನು ಸಾಲು ಸಾಲು ಪರೀಕ್ಷೆ ಮಾಡಿದರು. ಬರಹ 1904ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಹೇಳಿದ ಹಾಗೆ ಕಟ್ಟಿದರೆ ಆ ವಿಮಾನಗಳು ಹಾರುವುದಿಲ್ಲ ಅಂತ ಬರೆದರು. ಅವರು ತಳ್ಳಿಹಾಕಿ ಕೂರಲಿಲ್ಲ, ಓದಿ ಲೆಕ್ಕ ಹಾಕಿ ನೋಡಿದರು. ಆ ಶ್ರದ್ಧೆ ನನಗೆ ತುಂಬ ಇಷ್ಟ.

ಆದರೆ ನಿಮ್ಮ ಅಪ್ಪನಿಗೆ ಈ ಇಸವಿಗಳನ್ನು ಎಸೆಯಬೇಡಿ, ಅದೂ ಎಲ್ಲರೂ ನೋಡುವ ಗ್ರೂಪಿನಲ್ಲಿ ಬೇಡವೇ ಬೇಡ. ಯೋಚನೆ ಮಾಡಿ, ಅವರು ಯಾಕೆ ಅದನ್ನು ಹಂಚುತ್ತಾರೆ? ಜೀವನಪೂರ್ತಿ "ಹೊಸದೆಲ್ಲ ಹೊರಗಿನಿಂದಲೇ ಬಂತು" ಅಂತ ಕೇಳಿದವರಿಗೆ ಆ ನಕ್ಷೆ ಒಂದು ಸಮಾಧಾನ. ನಾಳೆ ನಮ್ಮದೂ ಆಗಬಹುದು ಅನ್ನುವ ಆಸೆ ನಿನ್ನೆಯ ಬಟ್ಟೆ ಹಾಕಿಕೊಂಡು ಬಂದಿದೆ, ಅಷ್ಟೇ. ನಕ್ಷೆ ಅಂದರೆ ಗೆರೆ, ಅಳತೆ, ಹೆಸರು. ನೋಡಿದ ಕೂಡಲೇ ಪುರಾವೆ ಇದ್ದ ಹಾಗೆ ಕಾಣುತ್ತದೆ. ಅದಕ್ಕೇ ಇಂಥ ಚಿತ್ರ ಅಷ್ಟು ಬೇಗ ಹರಡುವುದು.

ಊರಿಗೆ ಹೋದಾಗ ಜೊತೆಗೆ ಕೂತು ಪುಷ್ಪಕ ವಿಮಾನದ ಕತೆ ಹೇಳಿ ಅಂತ ಕೇಳಿ. ಎಷ್ಟು ಜನ ಕೂತರೂ ಅದರಲ್ಲಿ ಇನ್ನೊಬ್ಬರಿಗೆ ಜಾಗ ಇರುತ್ತದೆ ಅನ್ನುತ್ತಾರಲ್ಲ, ಎಂಥ ಕಲ್ಪನೆ ಅದು! ಅದನ್ನು ಹಿಡಿದು ಕಬ್ಬಿಣದ ಅಳತೆಗೆ ಇಳಿಸಿದರೆ ಕತೆಯೂ ಸಣ್ಣದಾಗುತ್ತದೆ, ವಿಜ್ಞಾನವೂ ಸಣ್ಣದಾಗುತ್ತದೆ. ಆಮೇಲೆ ಮೇಲಿನ ರಾಯಚೂರಿನ ವಿಷಯ ಹೇಳಿ. ಹೆಮ್ಮೆ ಪಡಲು ನಿಜವಾದ ಕತೆಗಳೇ ಬೇಕಾದಷ್ಟಿವೆ.

ಪ್ರಶ್ನೆ: ಮಗ ಪಿಯುಸಿ. ಕಂಪ್ಯೂಟರ್ ಸೈನ್ಸ್ ಬೇಡ, ಇನ್ನು ಹತ್ತು ವರ್ಷಕ್ಕೆ ರೋಬೋಗಳೇ ನಮ್ಮನ್ನು ಆಳುತ್ತವೆ ಅನ್ನುತ್ತಾನೆ. ಸಿನಿಮಾ, ಟಿವಿ, ರೀಲ್ಸ್ ಎಲ್ಲ ಕಡೆ ಅದೇ. ಏನು ಹೇಳಲಿ?
— ಒಬ್ಬ ತಂದೆ, ಹಾಸನ

ಉತ್ತರ: 'ರೋಬೋ' ಅನ್ನುವ ಪದವೇ ಒಂದು ನಾಟಕದಿಂದ ಬಂದದ್ದು ಅಂತ ಹೇಳಿ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕ. ಪದ ಹೊಳೆದದ್ದು ಅವರ ಅಣ್ಣ ಯೋಸೆಫ್‌ಗೆ. ಜೆಕ್ ಭಾಷೆಯಲ್ಲಿ 'ರೋಬೋತಾ' ಅಂದರೆ ನಮ್ಮ ಬಿಟ್ಟಿ ಚಾಕರಿ. ಆ ನಾಟಕದ ರೋಬೋಗಳು ಕಬ್ಬಿಣದ ಗೊಂಬೆಗಳಲ್ಲ, ಕಾರ್ಖಾನೆಯಲ್ಲಿ ದುಡಿಸಲಿಕ್ಕೆ ತಯಾರು ಮಾಡಿದ, ನೋಡಲು ಮನುಷ್ಯರಂತೆಯೇ ಇರುವ ಆಳುಗಳು. ಅಂದರೆ ಈ ಕತೆ ಹುಟ್ಟಿದಾಗಲೇ ದುಡಿಮೆಯ ಬಗ್ಗೆ ಇತ್ತು. ಯಾರು ದುಡಿಯಬೇಕು, ಯಾರು ಲಾಭ ತಿನ್ನಬೇಕು ಅನ್ನುವುದರ ಬಗ್ಗೆ.

ನೂರು ವರ್ಷದಲ್ಲಿ ಆ ಭಾಗ ಉದುರಿಹೋಗಿ ಕೆಂಪು ಕಣ್ಣಿನ ಉಕ್ಕಿನ ಮುಖ ಮಾತ್ರ ಉಳಿದುಕೊಂಡಿತು. ಎಐ ಸುದ್ದಿ ಬಂದರೆ ಪಕ್ಕದಲ್ಲಿ ಅದೇ ಮುಖ. ಅದನ್ನು ನೋಡಿ ನೋಡಿ ನಾವು ಕೇಳುವ ಪ್ರಶ್ನೆಯೂ ಅದೇ ಆಗಿದೆ: ಅದು ನಮ್ಮನ್ನು ಕೊಲ್ಲುತ್ತದಾ? 2023ರಲ್ಲಿ ಹಾಲಿವುಡ್‌ನ ಬರಹಗಾರರು ಮೇ ತಿಂಗಳಿಂದ 148 ದಿನ ಮುಷ್ಕರ ಮಾಡಿದರು, ಜುಲೈನಲ್ಲಿ ನಟನಟಿಯರೂ ಬೀದಿಗಿಳಿದರು. ಸಂಬಳದ ಜೊತೆಗೆ ಎಐ ಕೂಡ ಅವರ ದೊಡ್ಡ ತಕರಾರು. ಇಂಥ ಕತೆಗಳನ್ನು ಬರೆದು ನಟಿಸಿ ಲೋಕಕ್ಕೆ ಕೊಟ್ಟವರೇ ಅವರು. ಆದರೆ ತಮ್ಮ ಬುಡಕ್ಕೆ ಬಂದಾಗ ಕೇಳಿದ್ದು ಬೇರೆ. ನನ್ನ ಮುಖ, ನನ್ನ ಬರಹ ಬಳಸುವ ಮೊದಲು ನನ್ನನ್ನು ಕೇಳುತ್ತೀರಾ? ಅದಕ್ಕೆ ದುಡ್ಡು ಕೊಡುತ್ತೀರಾ? ಇವು ಉತ್ತರ ಸಿಗುವಂಥ ಪ್ರಶ್ನೆಗಳು, ಒಪ್ಪಂದದಲ್ಲಿ ಬರೆಸಿಕೊಳ್ಳಬಹುದಾದ ಪ್ರಶ್ನೆಗಳು.

ಮಗ ಏನು ಓದಬೇಕು ಅನ್ನುವುದು ಅವನ ಇಷ್ಟ. ಹೆದರಿಕೊಂಡು ಬಿಡುವುದು ಬೇಡ ಅಷ್ಟೇ. ಇಂಥ ಪ್ರಶ್ನೆ ಕೇಳಲು ಯಂತ್ರದ ಒಳಗನ್ನು ಬಲ್ಲ ಹುಡುಗರೂ ಬೇಕು.

ಪ್ರಶ್ನೆ: ಮನೆಕೆಲಸದ ನಡುವೆ ಕತೆ ಬರೆಯುತ್ತೇನೆ. ಮುಂದಿನ ಕಾಲದ ಕತೆ ಬರೆಯುವ ಆಸೆ ಇದೆ. ಆದರೆ ನಾನು ವಿಜ್ಞಾನ ಓದಿಲ್ಲ, ರಾಕೆಟ್ ಗೀಕೆಟ್ ಗೊತ್ತಿಲ್ಲ. ಬರೆಯಬಹುದಾ?
— ಒಬ್ಬ ಗೃಹಿಣಿ, ಶಿರಸಿ

ಉತ್ತರ: ಬರೆಯಿರಿ, ಇವತ್ತೇ ಶುರು ಮಾಡಿ. ರೊಕೇಯಾ ಸಖಾವತ್ ಹುಸೇನ್ ಅಂತ ಬಂಗಾಳದ ಹೆಣ್ಣುಮಗಳು ಒಬ್ಬರಿದ್ದರು. ಪರದೆಯ ಒಳಗೆ ಬೆಳೆದವರು, ಶಾಲೆಗೆ ಹೋದವರಲ್ಲ, ಇಂಗ್ಲಿಷ್ ಕಲಿತದ್ದು ಮನೆಯಲ್ಲಿ ಅಣ್ಣನಿಂದ. 1905ರಲ್ಲಿ ಮದರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಅವರ ಕತೆ ಬಂತು. ಹೆಂಗಸರು ರಾಜ್ಯಭಾರ ಮಾಡುವ ಒಂದು ದೇಶ. ಅಲ್ಲಿ ಗಂಡಸರೇ ಮನೆಯೊಳಗೆ. ಜನ ಗಾಳಿಯಲ್ಲಿ ಹಾರುವ ಬಂಡಿಯಲ್ಲಿ ಓಡಾಡುತ್ತಾರೆ. ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುತ್ತಾರೆ. ಬಿಸಿಲಿನ ಶಾಖದಲ್ಲಿ ಅಡುಗೆ ಆಗುತ್ತದೆ, ಅಡುಗೆಮನೆಯಲ್ಲಿ ಹೊಗೆ ಅನ್ನುವುದೇ ಇಲ್ಲ.

ಸೌರಶಕ್ತಿ ಅಂತ ನಾವು ಈಗ ದೊಡ್ಡದಾಗಿ ಮಾತಾಡುತ್ತೇವೆ. ಹೊಗೆಯಲ್ಲಿ ಕಣ್ಣು ಉರಿಸಿಕೊಳ್ಳುವ ಹೆಂಗಸರ ಲೋಕದಿಂದ ಬಂದವರು ಅದನ್ನು 1905ರಲ್ಲೇ ಒಲೆಯ ಹತ್ತಿರ ತಂದಿದ್ದರು. 1911ರಲ್ಲಿ ಅವರೇ ಕೋಲ್ಕತ್ತದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮನೆ ಮನೆಗೆ ಹೋಗಿ ಮಕ್ಕಳನ್ನು ಕಳಿಸಿ ಅಂತ ಕೇಳಿದರು. ಕತೆಯಲ್ಲಿ ವಿದ್ಯಾವಂತ ಹೆಂಗಸರ ದೇಶ ಕಟ್ಟಿದವರು ಹೊರಗೆ ಅದರ ಮೊದಲ ತರಗತಿ ಶುರು ಮಾಡಿದರು ಅಂತ ನಾನು ಅಂದುಕೊಳ್ಳುತ್ತೇನೆ.

ಹಾಗಾಗಿ ರಾಕೆಟ್ ಬಿಡಿ. ನಿಮ್ಮ ಕೇರಿಯಿಂದ ಶುರು ಮಾಡಿ. ಮಳೆ ಬಂದರೆ ಹೋಗುವ ಕರೆಂಟು, ಅಡಿಕೆ ಸುಲಿಯುವ ಕೈಗಳು, ದೂರದ ಊರಿನಲ್ಲಿ ಕೂತು ಫೋನಿನಲ್ಲಿ ಮಾತ್ರ ಸಿಗುವ ಮಕ್ಕಳು, ಇವೆಲ್ಲ 2060ರಲ್ಲಿ ಹೇಗಿರುತ್ತವೆ? ಯಂತ್ರದ ಹೆಸರು ಗೊತ್ತಿಲ್ಲದಿದ್ದರೆ ಅದು ಏನು ಮಾಡುತ್ತದೆ ಅಂತ ಬರೆದರೆ ಸಾಕು. ಮೊದಲ ಪುಟ ಆದ ಕೂಡಲೇ ನನಗೆ ಕಳಿಸಿ. ಆ ಮನೆಯಲ್ಲಿ ಬೆಳಗ್ಗೆ ಮೊದಲು ಎದ್ದು ಚಹಾಕ್ಕೆ ನೀರಿಡುವವರು ಯಾರು ಅಂತ ತಿಳಿಯುವ ಕುತೂಹಲ ನನಗಿದೆ.