ಮಂಗಳೂರಿನ ವಿಶ್ವವಿದ್ಯಾಲಯಕ್ಕೆ ವಿದೇಶದಿಂದ ದೇಣಿಗೆ ತರುವ ಹೊಣೆ ಸಿಕ್ಕಿದೆ. ದೊಡ್ಡ ದಾನಿಗಳನ್ನು ಹುಡುಕಲು ಮೊದಲು ದುಬೈಗೆ ಹೋಗಲೋ, ಅಮೆರಿಕಕ್ಕೋ?

ಎರಡೂ ಬೇಡ. ಮೊದಲ ತಿಂಗಳು ನಿಮ್ಮ ಅಕೌಂಟ್ಸ್ ವಿಭಾಗಕ್ಕೆ ಹೋಗಿ ಕುಳಿತುಕೊಳ್ಳಿ. ಟಿಕೆಟ್ ಆಮೇಲೆ ಮಾಡಿಸಿದರಾಯಿತು.

ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಈ ಕೆಲಸಕ್ಕೆ ಬಂದವನು. ಅದಕ್ಕೆ ಮುಂಚೆ ಬ್ಯಾಂಕಿನಲ್ಲಿದ್ದೆ. ಸೇರಿದ್ದು ಕರಾವಳಿಯದೇ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ, ಹೆಸರು ಬೇಡ. ಕೋವಿಡ್‌ಗೆ ಮುಂಚೆ ಎರಡು ವರ್ಷ ಗಲ್ಫ್ ಸುತ್ತಿದೆ. ದುಬೈ, ಮಸ್ಕತ್, ಬಹರೈನ್. ನಮ್ಮೂರಿನವರಿಗೆ ಅಲ್ಲೇನು ಬರವೇ? ಹಳೆ ವಿದ್ಯಾರ್ಥಿಗಳು ಸೇರುತ್ತಿದ್ದರು, ಕೋರಿ ರೊಟ್ಟಿ ತಿನ್ನುತ್ತಿದ್ದರು, ಹಾಸ್ಟೆಲ್ ಕಥೆ ಹೇಳಿ ನಗುತ್ತಿದ್ದರು. ಊರಿಗೆ ಬಂದಾಗ ಇಲ್ಲಿನ ಖಾತೆಯಿಂದಲೇ ಐವತ್ತು ಸಾವಿರವೋ ಲಕ್ಷವೋ ಕೊಡುತ್ತಿದ್ದರು. (ಅಲ್ಲೇ ಸಭೆಯಲ್ಲಿ ಡಬ್ಬಿ ಹಿಡಿಯುವ ಯೋಚನೆ ಇದ್ದರೆ ಇವತ್ತೇ ಬಿಡಿ. ಅನುಮತಿ ಇಲ್ಲದೆ ದೇಣಿಗೆ ಎತ್ತದಂತೆ ಯುಎಇಯಲ್ಲಿ 2021ರ ಕಾನೂನೇ ಇದೆ.)

ಆ ಎರಡು ವರ್ಷದಲ್ಲಿ ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತು. ಹೊರಗಿರುವ ನಮ್ಮೂರವರು ಅಂದರೆ ಎನ್‌ಆರ್‌ಐ (ಹೊರದೇಶದಲ್ಲಿರುವ ಭಾರತದ ಪ್ರಜೆ), ಅಷ್ಟೇ ಅಂದುಕೊಂಡೆ. ಗಲ್ಫ್‌ನಲ್ಲಿ ಅದು ನಡೆಯುತ್ತದೆ. ಅಲ್ಲಿ ಮೂವತ್ತು ವರ್ಷ ದುಡಿದವರ ಜೇಬಿನಲ್ಲೂ ಸಾಮಾನ್ಯವಾಗಿ ಇರುವುದು ಭಾರತದ ಪಾಸ್‌ಪೋರ್ಟೇ. ಭಾರತದ ಪ್ರಜೆ ಎಲ್ಲೇ ಇರಲಿ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ಹೊರದೇಶದ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ಲೆಕ್ಕದಲ್ಲಿ ವಿದೇಶಿ ದೇಣಿಗೆ ಅಲ್ಲ. ಮಾಮೂಲಿ ಖಾತೆಗೆ ಬಂದರೆ ಸಾಕು.

2022ರ ಡಿಸೆಂಬರ್‌ನಲ್ಲಿ ಒಬ್ಬ ಡಾಕ್ಟರ್ ಬಂದರು. ನ್ಯೂಜೆರ್ಸಿಯಲ್ಲಿರುವವರು, ನಮ್ಮಲ್ಲೇ ಓದಿದವರು. ಲ್ಯಾಬ್ ಒಂದಕ್ಕೆ ನಲವತ್ತು ಸಾವಿರ ಡಾಲರ್ ಕೊಡುತ್ತೇನೆ ಅಂದರು. ನನ್ನ ಜೊತೆ ಕುಳಿತು ಬಂಗುಡೆ ಪುಳಿಮುಂಚಿ ಊಟ ಮಾಡಿದರು. ಬೈಗುಳವೂ ಶುದ್ಧ ತುಳುವಿನದ್ದೇ. ಇಂಥ ಮನುಷ್ಯ ಕಾನೂನಿನ ಕಣ್ಣಿಗೆ 'ವಿದೇಶಿ ಮೂಲ' ಅಂತ ಹೊಳೆಯೋದಾದರೂ ಹೇಗೆ?

ನಮ್ಮ ದೇಣಿಗೆ ಫಾರಂನಲ್ಲಿ ಎರಡು ಚೌಕ ಇದ್ದವು. ಒಂದು 'ಭಾರತೀಯ/ಎನ್‌ಆರ್‌ಐ', ಇನ್ನೊಂದು 'ವಿದೇಶಿ'. ಅವರು ಊಟದ ಕೈ ತೊಳೆಯಲು ಎದ್ದು ಹೋಗಿದ್ದರು. ನಾನೇ ಮೊದಲನೇ ಚೌಕಕ್ಕೆ ಟಿಕ್ ಹಾಕಿಟ್ಟೆ. ಬಂದವರೇ ಓದದೆ ಸಹಿ ಮಾಡಿದರು. ಅದಕ್ಕೂ ಮುಂಚೆ ಮಾತಿನ ಮಧ್ಯೆ "ನನ್ನತ್ರ ಒಸಿಐ ಉಂಟಲ್ಲ, ವೀಸಾದ ತಲೆಬಿಸಿ ಇಲ್ಲ" ಅಂದಿದ್ದರು. ನನ್ನ ಕಿವಿಗೆ ಬಿದ್ದಿತ್ತು. ಬಿದ್ದೂ ಹೊಳೆಯಲಿಲ್ಲ. ವೀಸಾದ ಮಾತು ಯಾಕೆ ಬಂತು? ಭಾರತದ ಪ್ರಜೆಗೆ ಭಾರತಕ್ಕೆ ಬರಲು ವೀಸಾ ಯಾಕೆ? ಆ ಒಂದು ವಾಕ್ಯದಲ್ಲೇ ಎಲ್ಲ ಇತ್ತು. ಒಸಿಐ ಅಂದರೆ ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್, ಪೌರತ್ವ ಅಲ್ಲ. ನಮ್ಮಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶವೇ ಇಲ್ಲ. ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡ ದಿನ ಅವರು ಭಾರತದ ಪ್ರಜೆಯಾಗಿ ಉಳಿದಿರಲಿಲ್ಲ. ಅವರು ಕೊಡುವ ಒಂದು ರೂಪಾಯಿಯೂ ವಿದೇಶಿ ದೇಣಿಗೆಯೇ. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಬಂದು ಬೀಳಬೇಕಾದದ್ದು ಒಂದೇ ಕಡೆ: ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯಲ್ಲಿರುವ ಎಫ್‌ಸಿಆರ್‌ಎ ಖಾತೆಗೆ. ನಮ್ಮ ಟ್ರಸ್ಟ್‌ಗೆ ಎಫ್‌ಸಿಆರ್‌ಎ ನೋಂದಣಿ ಇತ್ತು, ಆ ಖಾತೆಯೂ ಇತ್ತು. ನಾನು ಕೊಟ್ಟದ್ದು ಇಲ್ಲಿನ ಮಾಮೂಲಿ ಖಾತೆಯ ನಂಬರ್.

ಪಾಸ್‌ಪೋರ್ಟ್ ಪ್ರತಿ ಕೇಳಿದ್ದರೆ ಎರಡು ನಿಮಿಷದ ಕೆಲಸ. ಕೇಳಲಿಲ್ಲ. ನಲವತ್ತು ಸಾವಿರ ಡಾಲರ್ ಕೊಡುವವರ ಹತ್ತಿರ ದಾಖಲೆ ಕೇಳೋದು ಮರ್ಯಾದೆ ಅಲ್ಲ ಅನ್ನಿಸಿತ್ತು. ಬ್ಯಾಂಕಿನಲ್ಲಿದ್ದಾಗ ಸಾವಿರ ರೂಪಾಯಿಯ ಖಾತೆಗೂ ಗುರುತಿನ ಚೀಟಿ ಕೇಳುತ್ತಿದ್ದವನು ನಾನು!

ಹಣ ಬಂದ ಎರಡು ತಿಂಗಳಿಗೆ ಅಕೌಂಟ್ಸ್‌ನ ಅಕ್ಕ ಫೋನ್ ಮಾಡಿದರು. "ಸರ್, ಈ ಡಾಕ್ಟರ್ರ ಪಾಸ್‌ಪೋರ್ಟ್ ಕಾಪಿ ಫೈಲಲ್ಲಿ ಕಾಣೂದಿಲ್ಲ." ಡಾಕ್ಟರಿಗೆ ಮೆಸೇಜ್ ಹಾಕಿದೆ. ರಾತ್ರಿ ಫೋಟೋ ಬಂತು. ಕಡುನೀಲಿ ರಟ್ಟು, ಮೇಲೆ ಹದ್ದು. ನೋಡಿ ಹೊಟ್ಟೆಯೊಳಗೆ ತಣ್ಣಗಾಯಿತು.

ಆಮೇಲಿನದ್ದು ಚುಟುಕಾಗಿ ಹೇಳುತ್ತೇನೆ. ಹಣ ಮುಟ್ಟದೆ ಹಾಗೇ ಇಟ್ಟೆವು, ಗೃಹ ಸಚಿವಾಲಯಕ್ಕೆ ನಾವೇ ಬರೆದು ತಪ್ಪೊಪ್ಪಿಕೊಂಡೆವು, ದಂಡ ಕಟ್ಟಿದೆವು. ಲ್ಯಾಬ್ ಒಂದೂವರೆ ವರ್ಷ ತಡವಾಯಿತು. ಆದರೆ ನಿಜವಾದ ನಷ್ಟ ಅದಲ್ಲ. ವಿಷಯ ತಿಳಿಸಿದಾಗ ಡಾಕ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮಾರಾಯ್ರೆ, ನಾನು ಫಾರಿನರಾ?" ಅಂದರು. ಅವರ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಹತ್ತು ಜನ ಕೊಡುವ ಮಾತಾಡುತ್ತಿದ್ದರು. ಆಮೇಲೆ ಒಬ್ಬರೂ ಉಸಿರೆತ್ತಲಿಲ್ಲ.

ನಮ್ಮಪ್ಪ ಉಡುಪಿಯಲ್ಲಿ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದರು. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ದಿನಕ್ಕೆರಡಾಣೆಯಿಂದ ಶುರು ಮಾಡಿದ ಉಳಿತಾಯ ಯೋಜನೆ ಅದು, ನಿಮಗೆ ಗೊತ್ತಿರುತ್ತದೆ. ಅಪ್ಪ ಅಂಗಡಿ ಮೆಟ್ಟಿಲ ಮೇಲೆ ನಿಂತು ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದರು, ಆಮೇಲೆ ದುಡ್ಡಿಗೆ ಕೈ ಚಾಚುತ್ತಿದ್ದರು. ನೆಂಟರ ಅಂಗಡಿಯಾದರೂ ಅಷ್ಟೇ. ನನಗೆ ಅದು ಸಣ್ಣತನ ಅನ್ನಿಸುತ್ತಿತ್ತು.

ಈಗ ನಿಮ್ಮ ಪ್ರಶ್ನೆಯ 'ದೊಡ್ಡ ದಾನಿ'ಗೆ ಬರುತ್ತೇನೆ. ನನಗೆ ಆ ಮಾತಿನ ಮೇಲೇ ನಂಬಿಕೆ ಹೋಗಿದೆ. ಒಬ್ಬರು ನಲವತ್ತು ಸಾವಿರ ಕೊಡುವುದಕ್ಕಿಂತ ನಾಲ್ಕು ನೂರು ಜನ ವರ್ಷಾ ವರ್ಷ ನೂರು ನೂರು ಡಾಲರ್ ಕೊಡಲಿ. ಒಬ್ಬರು ಮುನಿಸಿಕೊಂಡರೆ ಲ್ಯಾಬ್ ನಿಲ್ಲುವುದಿಲ್ಲ. ಅಮೆರಿಕದವರಿಗೆ ನಮ್ಮ 80ಜಿ ರಸೀದಿಯಿಂದ (ಭಾರತದ ತೆರಿಗೆ ವಿನಾಯಿತಿಗೆ ಕೊಡುವಂಥದ್ದು) ಅಲ್ಲಿನ ತೆರಿಗೆಯಲ್ಲಿ ಪೈಸೆ ಲಾಭವಿಲ್ಲ. ಅಲ್ಲೇ, ಅಲ್ಲಿನ ತೆರಿಗೆ ಕಾನೂನಿನ 501(ಸಿ)(3) ಅಡಿ ನೋಂದಾಯಿಸಿದ ದತ್ತಿ ಸಂಸ್ಥೆಗೆ ಕೊಟ್ಟರೆ ವಿನಾಯಿತಿ ಸಿಗುತ್ತದೆ, ಅದು ದೆಹಲಿ ಖಾತೆಗೆ ಕಳಿಸುತ್ತದೆ. ಆ ದಾರಿ ಇಲ್ಲದೆ ಅಮೆರಿಕಕ್ಕೆ ಹೋದರೆ ಸುಮ್ನೆ ಫೋಟೋ ತೆಗೆಸಿಕೊಂಡು ಬರುತ್ತೀರಿ.

ತಂದದ್ದರಲ್ಲಿ ಇಂತಿಷ್ಟು ಪರ್ಸೆಂಟ್ ನಿಮಗೆ ಅಂತ ಆಡಳಿತದವರು ಹೇಳಿದ್ದಾರೆ ಎಂದು ಬರೆದಿದ್ದೀರಿ. ಬೇಡ ಅನ್ನಿ, ಸಂಬಳ ಕೇಳಿ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ 20 ಪರ್ಸೆಂಟ್ ಮಿತಿ ಇದೆ, ಮೊದಲು 50 ಇತ್ತು. ಅದಕ್ಕಿಂತ ಜಾಸ್ತಿ ಚಿಂತೆ ಏನೆಂದರೆ, ಕಮಿಷನ್ ಇದ್ದಿದ್ದರೆ ಪಾಸ್‌ಪೋರ್ಟ್ ಕೇಳಲು ನಾನು ಇನ್ನೂ ನಾಚುತ್ತಿದ್ದೆ ಅಲ್ವಾ?

ಈಗ ನಮ್ಮ ಫಾರಂನಲ್ಲಿ ಚೌಕಗಳಿಲ್ಲ. 'ಯಾವ ದೇಶದ ಪಾಸ್‌ಪೋರ್ಟ್?' ಅಂತ ಒಂದು ಗೆರೆ ಇದೆ, ದಾನಿಯೇ ತುಂಬಬೇಕು. ಪ್ರತಿ ಬರುವ ತನಕ ಖಾತೆ ನಂಬರ್ ಕೊಡುವುದಿಲ್ಲ.

ಡಾಕ್ಟರ್ ಕಳೆದ ದೀಪಾವಳಿಗೆ ಶುಭಾಶಯ ಕಳಿಸಿದ್ದರು. ಕೆಳಗೆ "ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿದೆ" ಅಂತ ಬರೆದಿದ್ದರು. ತಮಾಷೆಯೋ, ಇನ್ನೂ ಸಿಟ್ಟೋ, ಗೊತ್ತಾಗಲಿಲ್ಲ. ಬಿಚ್ಚಿ ನೋಡಿದೆ, ನಿಜವಾಗಿಯೂ ಲಗತ್ತಿಸಿದ್ದರು.