ಹೊಸ ಲ್ಯಾಪ್‌ಟಾಪ್ ಮನೆಯ ಇತರ ಕಂಪ್ಯೂಟರ್‌ಗಳಿಗೆ ಕಾಣಿಸದಿದ್ದರೆ

ಮಾನ್ಯರೇ, ಕುವೆಂಪುನಗರದ ನಿಮ್ಮ ಮನೆಯಲ್ಲಿ ಹಳೆಯ ಎರಡು ಕಂಪ್ಯೂಟರ್‌ಗಳು ಒಂದಕ್ಕೊಂದು ಕಾಣಿಸುತ್ತಿದ್ದರೂ, ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ಮಾತ್ರ ಅವುಗಳಿಗೆ ಕಾಣಿಸುತ್ತಿಲ್ಲ, ಆದರೆ ಅದರಲ್ಲಿ ಇಂಟರ್ನೆಟ್ ಸರಾಗವಾಗಿ ಬರುತ್ತಿದೆ ಎಂದು ಕೇಳಿದ್ದೀರಿ. ಹಾಗಿದ್ದಲ್ಲಿ ಯಂತ್ರದಲ್ಲೇ ದೋಷವಿರುವ ಸಂಭವ ಕಡಿಮೆ. ವಿಂಡೋಸ್ 11 ಹೊಸದಾಗಿ ಸೇರಿದ ವೈಫೈಯನ್ನು, ಅದು ಮನೆಯದೇ ಆಗಿದ್ದರೂ, ರೈಲು ನಿಲ್ದಾಣದ ವೈಫೈಯಂತೆ ‘ಪಬ್ಲಿಕ್’ ಎಂದೇ ಪರಿಗಣಿಸಿ, ತನ್ನ ಇರವನ್ನು ಬೇರೆ ಯಂತ್ರಗಳಿಗೆ ತಿಳಿಸದೆ ಸುಮ್ಮನಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ವೈಫೈಯ ಪ್ರಾಪರ್ಟೀಸ್ ತೆರೆದು ‘ಪ್ರೈವೇಟ್’ ಆರಿಸಿ, ನೆಟ್‌ವರ್ಕ್ ಡಿಸ್ಕವರಿ (ಯಂತ್ರಗಳು ಒಂದಕ್ಕೊಂದು ಕಾಣಿಸುವಂತೆ ಮಾಡುವ ಸೌಲಭ್ಯ) ಮತ್ತು ಫೈಲ್ ಶೇರಿಂಗ್ ಎರಡನ್ನೂ ಆನ್ ಮಾಡಿರಿ. ಮನೆಯ ಕಂಪ್ಯೂಟರ್‌ಗಳ ನಡುವೆ ಫೈಲ್ ಹಂಚಿಕೊಳ್ಳಲು ವಿಂಡೋಸ್‌ನಲ್ಲಿ ಹಿಂದೆ ಇದ್ದ ಹೋಮ್‌ಗ್ರೂಪ್ ಹುಡುಕುತ್ತ ಕೂರಬೇಡಿ. ಅದನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದುಹಾಕಿದರು.

ಆಗಲೂ ಕಾಣಿಸದಿದ್ದರೆ, ವಿಂಡೋಸ್ ಹಿನ್ನೆಲೆಯಲ್ಲಿ ನಡೆಸುವ ಕೆಲಸಗಳ ‘ಸರ್ವಿಸಸ್’ ಪಟ್ಟಿಯಲ್ಲಿ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಎಂಬುದನ್ನು ಆಟೋಮ್ಯಾಟಿಕ್‌ಗೆ ಬದಲಿಸಿ ಚಾಲೂ ಮಾಡಿರಿ. ಕಂಪ್ಯೂಟರಿನ ಇರವನ್ನು ನೆಟ್‌ವರ್ಕ್‌ನಲ್ಲಿ ಸಾರುವುದು ಈ ಸರ್ವಿಸ್‌ನ ಕೆಲಸ.

ಮಂಡ್ಯದ ನಮ್ಮ ಅಣ್ಣನ ಮನೆಯಲ್ಲಿ ಇಷ್ಟೆಲ್ಲ ಮಾಡಿ ಅರ್ಧ ದಿನ ಕಳೆದ ಮೇಲೆ, ಲ್ಯಾಪ್‌ಟಾಪ್ ರೌಟರಿನ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದುದು ತಿಳಿಯಿತು. ಗೆಸ್ಟ್ ವೈಫೈ ಸಾಮಾನ್ಯವಾಗಿ ಮನೆಯ ಇತರ ಯಂತ್ರಗಳನ್ನು ತಲುಪಲು ಬಿಡುವುದಿಲ್ಲವಾದ್ದರಿಂದ, ಮೂರೂ ಯಂತ್ರಗಳು ಒಂದೇ ವೈಫೈ ಹೆಸರಿನಲ್ಲಿವೆಯೇ ಎಂದು ನೀವು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.